ರಾಗವಿಲ್ಲದ ರೊಟ್ಟಿ

ನಾನು ಸಂಗೀತ ಮಾಡುತ್ತೇನೆ ಎಂದು ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ಹೇಳಿದರೆ ಜನ ತಕ್ಷಣ ‘ಒಂದು ಹಾಡಿ’ ಎನ್ನುತ್ತಾರೆ. ನನ್ನದರಲ್ಲಿ ಹಾಡುವಂಥದ್ದೇನೂ ಇರುವುದಿಲ್ಲ. ರಾಗವಿಲ್ಲ, ತಾಳವಿಲ್ಲ, ಮಾತಂತೂ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಸದ್ದು ಹುಟ್ಟಿಸಿ, ಅದನ್ನು ಎಳೆದು, ಮಡಿಸಿ, ಇನ್ನೊಂದರ ಮೇಲೆ ಹಾಸಿ, ಕೊನೆಗೆ ಅದು ಏನೆಂದು ನನಗೇ ಗೊತ್ತಾಗದಂತೆ ಮಾಡಿದರೆ ಆ ದಿನ ಸಾರ್ಥಕ. ಚಿಕ್ಕೋಡಿಯಲ್ಲಿ ನಾನಿರುವ ಬಾಡಿಗೆ ಮನೆಯ ಮಾಲೀಕರು ಮೊದಮೊದಲು ಅದನ್ನು ಕೇಳಿ ಫ್ಯಾನ್ ರಿಪೇರಿಯವನನ್ನು ಕಳಿಸಿದ್ದರು.

ಈ ಬಗೆಯ ಸಂಗೀತದ ಪರ ವಾದಿಸಲು ವಿಶ್ವವಿದ್ಯಾಲಯದಲ್ಲಿ ಕಲಿತ ಮಾತುಗಳು ನನ್ನ ಬಳಿ ಸಾಕಷ್ಟಿವೆ. ಅವುಗಳಿಗಿಂತ ಹೆಚ್ಚು ಧೈರ್ಯ ಕೊಟ್ಟದ್ದು ನಮ್ಮ ಕಡೆಯ ಭಜನೆಯ ಏಕತಾರಿ. ಒಂದೇ ತಂತಿ, ಒಂದೇ ಸ್ವರ, ಊಟದ ಹೊತ್ತು ಮೀರಿದರೂ ಅದೇ. ‘ಯಾವಾಗ ಮುಗಿಯುತ್ತದೆ’ ಎಂದು ಯಾರೂ ಕೇಳಿದ್ದನ್ನು ಕಂಡಿಲ್ಲ. ಕಂಡಿಲ್ಲವೋ, ಕಂಡು ಮರೆತಿದ್ದೇನೋ. ನೆನಪಿನ ವಿಷಯದಲ್ಲಿ ನಾನು ನನ್ನನ್ನು ನಂಬುವುದಿಲ್ಲ. ನೆನಪು ಪ್ರತಿ ಸಲ ತೆಗೆದು ನೋಡಿದಾಗಲೂ ಸ್ವಲ್ಪ ಬೇರೆಯಾಗಿ ಒಳಗೆ ಹೋಗುತ್ತದೆ.

ಹಾಗಿದ್ದೂ ಒಂದನ್ನು ಮಾತ್ರ ನಂಬಿಕೊಂಡಿದ್ದೆ. ನಿಪ್ಪಾಣಿಯ ಹಳೆಯ ಮನೆ. ಕೌದಿಯ ಮೇಲೆ ಮಲಗಿದ ಪುಟ್ಟ ನಾನು. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸದ್ದು. ತಪ್ ತಪ್ ತಪ್, ಒಂದು ನಿಲುಗಡೆ, ಮತ್ತೆ ತಪ್ ತಪ್. ಆ ನಿಲುಗಡೆಯಲ್ಲಿ ನಾನು ನಿದ್ದೆ ಹೋದೆನೇ ಎಂದು ಅವ್ವ ಇಣುಕುತ್ತಿದ್ದಳೆಂದು ನನ್ನ ತಿಳಿವಳಿಕೆ. ಅವ್ವ ತೀರಿಹೋಗಿ ವರ್ಷಗಳಾದವು. ಅವಳ ದನಿ ಯಾವ ಟೇಪಿನಲ್ಲೂ ಉಳಿದಿಲ್ಲ. ಅದಕ್ಕೇ ಈ ಬೇಸಿಗೆಯಲ್ಲಿ ಆ ಸದ್ದನ್ನು ನೆನಪಿನಿಂದಲೇ ಕಟ್ಟಿದೆ. ಕೆಳಗೆ ಗುಂಯ್ಯೆನ್ನುವ ನಾದ, ಅದರ ಮೇಲೆ ಮಂದ ಬಡಿತಗಳು, ನಡುವೆ ಆ ನಿಲುಗಡೆ. ಅವ್ವ ಸಿಕ್ಕಳು ಅನ್ನಿಸಿತು. ಆದರೂ ಅನುಮಾನದ ಪ್ರಾಣಿ ನಾನು. ರಾಯಬಾಗದಲ್ಲಿರುವ ಅಕ್ಕನಿಗೆ ಕೇಳಿಸಲು ಹೊರಟೆ. ಅವಳು ನನಗಿಂತ ಬಹಳ ದೊಡ್ಡವಳು. ಅವಳು ಗುರುತು ಹಿಡಿದರೆ ಅವ್ವ ನಿಜ.

ಮಧ್ಯಾಹ್ನ, ಅಡುಗೆಗೆ ಮುಂಚೆ, ಸ್ಪೀಕರ್ ಇಟ್ಟು ಶುರು ಮಾಡಿದೆ. ನಾದ ಏಳುತ್ತಿದ್ದಂತೆ ಅಕ್ಕನ ಗಂಡ, ನನ್ನ ಮಾಮಾ, ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದೇಬಿಟ್ಟರು.

“ತ್ರೀಫೇಸ್ ಕರೆಂಟ್ ಬಂತ ನೋಡ, ಮೋಟರ್ ಚಾಲೂ ಆತು!” ಎನ್ನುತ್ತ ಮನೆಯ ಹಿಂದಿನ ಕಬ್ಬಿನ ಹೊಲಕ್ಕೆ ಓಡಿದರು. ಮೋಟರ್ ಸುಮ್ಮನೆ ನಿಂತಿದ್ದನ್ನು ಕಂಡು ಸ್ವಲ್ಪ ಹೊತ್ತಿಗೆ ಮರಳಿ, “ಏನ್ ಮಾಸ್ತರ, ನಿನ್ನ ಹಾಡು ನೀರರೇ ಎತ್ತತೈತೇನು?” ಎಂದರು.

ಅಕ್ಕ ನಗಲಿಲ್ಲ. ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಪಕ್ಕಕ್ಕಿಟ್ಟು ಕೊನೆಯವರೆಗೆ ಕೇಳಿದಳು.

“ರೊಟ್ಟಿ ಬಡದಂಗ ಐತಿ,” ಎಂದಳು. ನನಗೆ ಜೀವ ಬಂತು.

“ಅವ್ವ ಅಲ್ಲೇನಕ್ಕಾ?”

“ಅವ್ವ ಎಲ್ಲಿ ಬಡೀತಿದ್ಲೋ! ಆಕಿ ನಿನ್ನ ಮಗ್ಗಲಕ್ಕ ಕುಂತು ಬೀಡಿ ಕಟ್ಟತಿದ್ಲು. ಸಾಲಿಯಿಂದ ಬಂದು ರೊಟ್ಟಿ ಬಡೀತಿದ್ದಾಕಿ ನಾನು.”

“ಮತ್ತ ಆ ನಡುವ ನಿಲ್ಲೂದು?”

“ಹರೀತಿತ್ತಲೋ ತಮ್ಮಾ! ಸಣ್ಣ ಕೈ. ಹರದದ್ದು ಕೂಡಿಸಿ ಮತ್ತ ಬಡೀತಿದ್ದೆ. ಅವ್ವ ಬೈತಾಳಂತ ಹರಕ ರೊಟ್ಟಿ ಎಲ್ಲಾ ನಿನಗ ತಿನ್ನಸ್ತಿದ್ದೆ.”

ನನ್ನೊಳಗಿನ ವಿಶ್ವವಿದ್ಯಾಲಯ ಎದ್ದು, ಅಕ್ಕನ ನೆನಪೂ ನೆನಪೇ ತಾನೆ, ಸಾಕ್ಷಿ ಎಲ್ಲಿ ಎಂದಿತು. ಗದರಿಸಿ ಕೂಡಿಸಿದೆ. ಅವ್ವ ಸಿಕ್ಕಿರಲಿಲ್ಲ. ಬೀಡಿ ಕಟ್ಟುವುದು ಸದ್ದಾಗುವ ಕೆಲಸವಲ್ಲ. ಪಕ್ಕದಲ್ಲೇ ಕೂತಿದ್ದವಳನ್ನು ನನ್ನ ಕಿವಿ ಬಿಟ್ಟುಬಿಟ್ಟಿರಬೇಕು. ಮರುಕ್ಷಣ ನಗು ಬಂತು. ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುವ ಅಕ್ಕನಿಗೆ ನಾನು ಬೇಸಿಗೆಯಿಡೀ ಶೋಕಗೀತೆ ಕಟ್ಟಿದ್ದೆ!

ಇವಳನ್ನಾದರೂ ಹಿಡಿದಿಡೋಣವೆಂದು, ಅವಳು ರೊಟ್ಟಿಗೆ ಕೂತಾಗ ಪಕ್ಕದಲ್ಲಿ ಫೋನ್ ಇಟ್ಟೆ. ಹಿಟ್ಟು ಅವಳ ಅಂಗೈ ಕೆಳಗೆ ತಾನೇ ತಿರುಗುತ್ತ ಅಗಲವಾಯಿತು. ಎಲ್ಲೂ ತಡೆಯಿಲ್ಲ.

“ಒಂದೂ ಹರೀವಲ್ದಲ್ಲಕ್ಕಾ,” ಎಂದೆ.

“ನಿನ್ನ ಸಲುವಾಗಿ ಒಂದ ಹರೀಲೇನು?”

ಬೇಡವೆಂದು ಫೋನ್ ಆರಿಸಿ ಜೇಬಿಗಿಟ್ಟೆ. ಇರುವವರ ಸದ್ದನ್ನು ಮುದ್ರಿಸಿಕೊಳ್ಳುವ ಅವಸರವೇನು? ತಾಟು ಹಿಡಿದು ಎದುರಿಗೆ ಕೂತರಾಯಿತು.