ಅಕ್ಕನ ಬಚ್ಚಲಿಗೆ ಒಂದು ಕೆಂಪು ಗೋಡೆ

೧೯೮೧, ಫೆಬ್ರುವರಿಯ ಒಂದು ಭಾನುವಾರ, ಬೆಳಿಗ್ಗೆ ಐದೂವರೆ. ಪುಣೆಯ ಸದಾಶಿವ ಪೇಠದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇದ್ದವರು ಮೂವರು: ನಾನು, ನಮ್ಮ ಯಜಮಾನರು, ಕುಂದಾಪುರದ ಕಡೆಯಿಂದ ಬಂದಿದ್ದ ಅವರ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಗುರುವಾರಕ್ಕೆ ನಿಗದಿಯಾಗಿತ್ತು. ಆದರೆ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಮ್ಮನಿಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಸೋಮವಾರದ ಬಸ್ಸಿಗೆ ಟಿಕೆಟ್ ತೆಗೆಸು, ಕಣ್ಣು ಇದ್ದ ಹಾಗೆ ಇರಲಿ.

ಕಾರಣ ನಮ್ಮ ಮನೆಯ ಬಚ್ಚಲು. ಅದಕ್ಕೆ ನಾನೇ ಹೊಣೆ.

ಮನೆಯ ಹಿಂಭಾಗದಲ್ಲಿ ಹಿಂದಿನ ಬಾಡಿಗೆದಾರರು ಇದ್ದಿಲ ಚೀಲ ಇಡುತ್ತಿದ್ದ ಒಂದು ಸಣ್ಣ ಬಚ್ಚಲಿತ್ತು. ಬಂದ ನೆಂಟರಿಗೆ ಅದೇ. ಅಕ್ಕ ಬರುವ ಒಂದು ವಾರ ಮೊದಲು ನಾನು ಅದನ್ನು ಹೊಸದು ಮಾಡಲು ಕೂತೆ. ನಾನು ನರ್ಸಿಂಗ್ ಕಲಿತವಳು. ಬಿಳಿಯ ಮೇಲೆ ಕೊಳೆ ಅಡಗಲಾರದು, ಆದ್ದರಿಂದ ಬಿಳಿಯೇ ಶುಚಿ ಎಂದು ಹಾಸ್ಟೆಲಿನಲ್ಲಿ ತಲೆಗೆ ತುಂಬಿದ್ದರು. ಟೈಲ್ಸ್ ಹಾಕಿಸುವಷ್ಟು ಅನುಕೂಲ ನಮಗಿರಲಿಲ್ಲ. ಸೋಡಾ ಹಾಕಿ ಗೋಡೆ ತೊಳೆದೆ. ನಾಲ್ಕೂ ಗೋಡೆಗೆ ಎರಡು ಸಲ ಸುಣ್ಣ ಬಳಿದೆ. ನೀರಿನ ಬಕೆಟ್ ಇಡುವ ಗಿಡ್ಡ ಕಟ್ಟೆಗೂ ಸುಣ್ಣ. ಜುನಾ ಬಜಾರಿನಲ್ಲಿ ಬಿಳಿ ಎನಾಮೆಲ್ ಬಕೆಟ್, ಬಿಳಿ ಎನಾಮೆಲ್ ಮಗ್ ಅಗ್ಗಕ್ಕೆ ಸಿಕ್ಕವು. ಎಲ್ಲ ಮುಗಿದ ಮೇಲೆ ವಾರ್ಡು ನೋಡುವ ಹಾಗೆ ನೋಡಿ ಸಂತೋಷಪಟ್ಟೆ.

ಶನಿವಾರ ಸಂಜೆ ಅಕ್ಕ ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಅಯ್ಯೋ" ಎಂಬ ದನಿ ಬಂತು. ಮಗ್ಗಿಗೆ ತಡಕಾಡಿ ಕೈಯನ್ನು ನೇರವಾಗಿ ಬಿಸಿನೀರಿಗೆ ಅದ್ದಿದ್ದರು. ಬಾಗಿಲಿಗೆ ಚಿಲಕ ಹಾಕಬೇಡಿ ಎಂದು ನಾನೇ ಹೇಳಿದ್ದೆನಾದ್ದರಿಂದ ತಟ್ಟನೆ ಒಳಗೆ ನುಗ್ಗಿದೆ. ಕೈ ನೋಡಿದೆ. ಬೊಬ್ಬೆ ಏಳುವಷ್ಟು ಸುಟ್ಟಿರಲಿಲ್ಲ. ಅಭ್ಯಾಸಬಲದಿಂದ ಮಗ್ ತೆಗೆದುಕೊಂಡು ಅವರ ಬೆನ್ನಿಗೆ ನೀರು ಹಾಕತೊಡಗಿದೆ. ಅರವತ್ತು ದಾಟಿದ ಆ ಹೆಂಗಸು ತಿಳಿವಳಿಕೆ ಬಂದ ಮೇಲೆ ಯಾರ ಕೈಯಿಂದಲೂ ನೀರು ಹಾಕಿಸಿಕೊಂಡವರಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಕೊಡುತ್ತ ನಾನು ಕೇಳಿಕೊಂಡೆ. "ಅಕ್ಕಾ, ಗುರುವಾರದ ತನಕ ತಡೀರಿ. ನಾ ಬಾಗಿಲ ಹೊರಗ ನಿಂದರ್ತೀನಿ. ಒಳಗ ಬರಂಗಿಲ್ಲ."

"ನೀನು ಹೊರಗೆ ನಿಂತರೂ ನಾನು ಒಳಗೆ ತಡಕುವುದೇ ಅಲ್ವಾ ಮಾರಾಯ್ತಿ? ನಿನ್ನ ಬಚ್ಚಲಲ್ಲಿ ಮಗ್ ಹುಡುಕುವುದೆಂದರೆ ಮೊಸರಿನ ಪಾತ್ರೆಯಲ್ಲಿ ಸುಣ್ಣ ಹುಡುಕಿದ ಹಾಗೆ."

ಹೀಗೆಂದು ಅವರು ಕೈ ಚಾಚಿ ಕಾಫಿಯ ಬಟ್ಟಲನ್ನು ಸಲೀಸಾಗಿ ಎತ್ತಿಕೊಂಡರು. ಬಟ್ಟಲು ಬಿಳಿಯದು. ಅದನ್ನು ಇಟ್ಟಿದ್ದ ಅಡುಗೆ ಕಟ್ಟೆಯ ಕಲ್ಲು ಕಪ್ಪು. ನನಗೆ ಆಗ ತಿಳಿಯಿತು.

ಆರು ಗಂಟೆಗೆ ಬಚ್ಚಲು ಖಾಲಿ ಮಾಡಿದೆ. ಬಕೆಟ್ಟಿನ ಹಿಂದಿನ ಗೋಡೆ ಒಂದನ್ನೇ ಕೆಂಪು ಮಾಡುವುದು. ನಮ್ಮ ಧಾರವಾಡದ ಕಡೆ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆಯ ಪಟ್ಟೆ ಎಳೆಯುತ್ತಾರಲ್ಲ, ಆ ಕೆಂಪು. ಬರಿಯ ಕೆಮ್ಮಣ್ಣು ನೀರಿಗೆ ನಿಲ್ಲುವುದಿಲ್ಲ. ನೀರಿನ ತೊಟ್ಟಿ ರಿಪೇರಿ ಮಾಡಿಸಿದಾಗ ಉಳಿದ ಸಿಮೆಂಟು ಡಬ್ಬಿಯಲ್ಲಿತ್ತು. ಅದರಲ್ಲಿ ಕಲಸಿದರಾಯಿತು. ಯಜಮಾನರಿಗೆ ಚೀಟಿ ಬರೆದುಕೊಟ್ಟೆ: ಗೇರು, ಅರ್ಧ ಕಿಲೋ. ಅವರು ಹೊರಟ ಮೇಲೆ ತಂತಿ ಬ್ರಶ್ಶಿನಿಂದ ಆ ಗೋಡೆಯ ಸುಣ್ಣವನ್ನೆಲ್ಲ ಕೆರೆದೆ. ಸುಣ್ಣದ ಮೇಲೆ ಸಿಮೆಂಟು ಹಿಡಿಯುವುದಿಲ್ಲ.

ಎಂಟೂಕಾಲಿಗೆ ಯಜಮಾನರು ಬಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಗೋಡಂಬಿ.

"ಏನ್ರೀ ಇದು?"

"ಗೇರುಬೀಜ. ನಮ್ಮೂರಿನವರ ಹೋಟೆಲಿಂದಲೇ ತಂದೆ. ತುಂಡು ಸಾಕಲ್ವಾ, ಇಡೀದು ಬೇಕಿತ್ತಾ?"

"ಗ್ವಾಡಿಗೆ ಹಚ್ಚಾಕ ಬೇಕಾಗಿತ್ರೀ!"

"ಗೋಡೆಗೆ ಗೇರುಬೀಜವಾ? ಅಕ್ಕ ಹೋಗ್ತಾಳಲ್ಲ, ಪಾಯಸ ಮಾಡ್ತಿ ಅಂತ ತಿಳಿದೆ ನಾನು."

ಹತ್ತು ವರ್ಷ ಪುಣೆಯಲ್ಲಿದ್ದು ನನ್ನ ಬಾಯಿಗೆ ಕೆಮ್ಮಣ್ಣಿನ ಮರಾಠಿ ಹೆಸರೇ ಕೂತುಬಿಟ್ಟಿತ್ತು. ಕರಾವಳಿಯವರಾದ ಅವರಿಗೆ ಗೇರು ಎಂದರೆ ಒಂದೇ. ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಅಕ್ಕ, ಬಂದ ದಿನದಿಂದ ಮೊದಲ ಸಲ ಜೋರಾಗಿ ನಕ್ಕರು. "ಹಚ್ಚು ಮಾರಾಯ್ತಿ, ಹಚ್ಚು. ಗೋಡೆ ನೆಕ್ಕುತ್ತ ಹೋಗಿ ಮಗ್ ಹಿಡಿಯುತ್ತೇನೆ."

"ಕೆಮ್ಮಣ್ಣು ಅಂತ ಬರೆದರೆ ನಿನ್ನ ಗಂಟು ಹೋಗ್ತಿತ್ತಾ?" ಎಂದು ಗೊಣಗುತ್ತ ಯಜಮಾನರು ಮತ್ತೆ ಹೊರಟರು. ಒಂದು ಗಂಟೆಗೆ ಪೇಠದ ಅಂಗಡಿಗಳು ಬಾಗಿಲು ಹಾಕಿದರೆ ನಾಲ್ಕರ ತನಕ ತೆಗೆಯುವುದಿಲ್ಲ. ಪುಣ್ಯಕ್ಕೆ ಹತ್ತೂವರೆಗೆಲ್ಲ ಸರಿಯಾದ ಸಾಮಾನು ಕೈಗೆ ಬಂತು.

ಭುಜದೆತ್ತರಕ್ಕೆ ದಾರ ಕಟ್ಟಿ ಗೆರೆ ಹಾಕಿಕೊಂಡೆ. ಗೋಡೆಗೆ ನೀರು ಚಿಮುಕಿಸಿ, ಸಿಮೆಂಟು ಮತ್ತು ಗೇರನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಸುಣ್ಣದ ಕುಂಚದಿಂದ ಅಡ್ಡಡ್ಡ ಬಳಿದೆ. ಅರ್ಧ ಗೋಡೆ ಆಗಿರಬೇಕು, ಹಿಂದಿನಿಂದ ಅಕ್ಕನ ದನಿ ಬಂತು.

"ಬಲಗಡೆ ಒಂದು ಕಡೆ ಬಿಟ್ಟಿದ್ದೀ."

"ಎಲ್ರೀ?"

"ಅಲ್ಲಿ, ನಲ್ಲಿಯ ಮೇಲೆ. ಬೆಳ್ಳಗೆ ತೋರ್ತದೆ."

ಹೌದು, ಅಂಗೈಯಗಲ ಬಿಟ್ಟುಹೋಗಿತ್ತು. ನಾನು ಯಜಮಾನರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಲ್ಲಿಂದ ಮುಂದೆ ಮೇಲ್ವಿಚಾರಣೆ ಅಕ್ಕನದೇ. ಗೆರೆ ಸೊಟ್ಟ ಎಂದೂ ಅಂದರು. ಗೆರೆ ಸೊಟ್ಟ ಇರಲಿಲ್ಲ. ಆದರೂ ಅದರ ಮೇಲೆ ಇನ್ನೊಮ್ಮೆ ಕುಂಚ ಎಳೆದೆ.

ಹನ್ನೆರಡಕ್ಕೆ ಮೊದಲ ಕೈ ಮುಗಿಯಿತು, ಎರಡಕ್ಕೆ ಎರಡನೆಯದು. ಕಟ್ಟೆಯ ಮೇಲ್ಭಾಗಕ್ಕೂ ಅದನ್ನೇ ಬಳಿದೆ. ಗೋಡೆ ಪೂರ್ತಿ ಗಟ್ಟಿಯಾಗಲು ಎರಡು ದಿನವಾದರೂ ಬೇಕು. ಆದರೆ ಟಿಕೆಟ್ಟಿನ ಮಾತು ಆ ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು. ಆರು ಗಂಟೆಗೆ ಹದವಾದ ನೀರು ತುಂಬಿ, ಕೆಂಪು ಮುಚ್ಚಿಹೋಗಬಾರದೆಂದು ಕಟ್ಟೆಗೆ ಹಲಗೆ ಹಾಕದೆ ಬಕೆಟ್ಟನ್ನು ಮೆಲ್ಲನೆ ಇಟ್ಟೆ. ಕೆಂಪಿನ ಮುಂದೆ ಬಿಳಿ ಬಕೆಟ್, ಬಿಳಿ ಮಗ್.

ಅಕ್ಕ ಒಳಗೆ ಹೋದರು. ಒಳಗಿನಿಂದ ಚಿಲಕ ಬಿತ್ತು.

ಎದ್ದು ಹೋಗುತ್ತಿದ್ದ ನನ್ನನ್ನು ಯಜಮಾನರು ತಡೆದರು. "ಕೂತುಕೊ ಮಾರಾಯ್ತಿ. ಇದು ನಿನ್ನ ವಾರ್ಡಲ್ಲ."

ಕೂತೆ. ಮಗ್ ಬಕೆಟ್ಟಿಗೆ ತಾಗಿದ ಸದ್ದು ಬಂತು, ಆಮೇಲೆ ನೀರು ಸುರಿದದ್ದು. ಮತ್ತೆ ಮಗ್, ಮತ್ತೆ ನೀರು. ನಡುವೆ ತಡಕಾಟದ ಬಿಡುವು ಇರಲಿಲ್ಲ.

ಹೊರಗೆ ಬಂದಾಗ ಅಕ್ಕನ ಮೊಣಕೈಗೆ ಒಂದಿಷ್ಟು ಕೆಂಪು ಮೆತ್ತಿತ್ತು. "ಗೋಡಿ ಇನ್ನೂ ಹಸಿ ಅದರೀ ಅಕ್ಕಾ, ದೂರ ನಿಂದರ್ಬೇಕು," ಎಂದೆ.

"ದೂರ ನಿಂತರೂ ಕಾಣ್ತದೆ." ಆಮೇಲೆ ತಮ್ಮನ ಕಡೆ ತಿರುಗಿದರು. "ಗುರುವಾರ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋಗುವುದು?"

"ಎಂಟಕ್ಕೆ."

"ಹಾಗಾದರೆ ನಾನು ಆರಕ್ಕೆ ಮೀಯುತ್ತೇನೆ. ನೀರು ಐದೂವರೆಗೆ ಕಾದಿರಲಿ."

ಐದೂವರೆ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಏಳೂವರೆಗೆ ಗೋಡೆಗೆ ಇನ್ನೊಮ್ಮೆ ನೀರು ಚಿಮುಕಿಸಿ, ಮೊಣಕೈ ತಾಗಿದ ಕಡೆ ತಿದ್ದಿ, ಕುಂಚ ತೊಳೆದು, ಕಿಟಕಿಯ ಮೊಳೆಗೆ ತೂಗುಹಾಕಿದೆ.