ಸೀದಾ ನಿಂತದ್ದಕ್ಕೆ ಸೀದದ್ದು

ನಮ್ಮ ಸ್ಕೂಲಿನ ಹೆಡ್‌ಮೇಷ್ಟ್ರ ಬಲಗಾಲು ಮೋಟು. ಕುಂಟುತ್ತಿದ್ದರು, ಅದೇನು ದೊಡ್ಡದಲ್ಲ. ರಾಷ್ಟ್ರಗೀತೆಗೆ ನಿಂತಾಗ ನೋಡಬೇಕಿತ್ತು. ಎರಡು ಕಾಲೂ ಜೋಡಿಸಿ, ಬಲಗಡೆ ಬರೀ ಬೆರಳ ತುದಿ ಮೇಲೆ ನಿಲ್ಲೋರು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಮೀನಖಂಡ ನಡುಗಿ ಪ್ಯಾಂಟು ಅಲ್ಲಾಡೋದು, ಮೇಷ್ಟ್ರು ಅಲ್ಲಾಡರು.

ನಾನು ಅಲ್ಲಿ ಬಿಸಿಯೂಟದ ಅಡಿಗೆಯವಳು. ಹುಣಸೂರು ಕಡೆಯ ಕಟ್ಟೆಮಳಲವಾಡಿಯಿಂದ ಇನ್ನೂ ಒಳಗೆ ನಮ್ಮೂರು. ಗಂಡ ಸತ್ತ ಮೇಲೆ ಸ್ಕೂಲಿನ ಒಲೆ ಉರಿದರೇ ನನ್ನ ಮನೆ ಒಲೆ ಉರಿಯೋದು. ಸೇರಿದ ಹೊಸದರಲ್ಲಿ, ಹೊರಗೆ ಮಕ್ಕಳು ರಾಷ್ಟ್ರಗೀತೆ ಹಾಡುತ್ತಿದ್ದರೆ ನಾನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದೆ. ಹಾಡು ಮುಗಿದ ಮೇಲೆ ಮೇಷ್ಟ್ರು ಅಡಿಗೆಮನೆ ಬಾಗಿಲಿಗೆ ಬಂದರು.

"ಯಾಕವ್ವ, ನೀನು ನಿಲ್ಲಾಕಿಲ್ವಾ?"

"ಅದು ಐಕಳಿಗಲ್ವಾ ಸಾ? ನಾ ಓದ್ದೋಳಲ್ಲ."

"ಅಡಿಗೆಮನೆ ಹೊಸ್ತಿಲಿಗೇ ದೇಶ ಮುಗ್ದೋಯ್ತದಾ? ಸೀದಾ ನಿಂತ್ಕೊ. ಕೈ ಅಲ್ಲಾಡಿಸಂಗಿಲ್ಲ."

ಬೈಯೋದು ಕಡಿಮೆ ಅವರು. ಬಾವುಟದ ವಿಷಯಕ್ಕೆ ಮಾತ್ರ ಯಾರ ಮಾತೂ ಕೇಳರು. ತಾವೇ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕೋರು. ಹಾರಿಸುವಾಗ ಉದುರಲಿ ಅಂತ ಬಾವುಟದ ಗಂಟಿನೊಳಗೆ ಇಡೋಕೆ ಯಾರಾದರೂ ಗುಲಾಬಿ ತಂದರೆ, "ಕರೆ ಆಯ್ತದೆ ಕಣಯ್ಯ, ಚೆಂಡೂವ ತಾ" ಅಂತ ವಾಪಸು ಅಟ್ಟೋರು.

ಒಂದು ಆಗಸ್ಟ್ ಹದಿನೈದು. ಕೇಸರಿಬಾತಿಗೆ ರವೆ ಬಿಟ್ಟು ತಿರುವುತ್ತಿದ್ದೆ. ರಾಷ್ಟ್ರಗೀತೆ ಶುರುವಾಯಿತು. ಸೌಟು ಬಿಟ್ಟು ನಿಂತೆ. ಗ್ಯಾಸು ಆರಿಸಬಹುದಿತ್ತಲ್ಲ ಅನ್ನಬೇಡಿ, ಕೈ ಅಲ್ಲಾಡಿಸಂಗಿಲ್ಲ ಅಂದಿದ್ದರಲ್ಲ. ಅದು ಮುಗೀತು, ಬೆನ್ನಿಗೇ ನಾಡಗೀತೆ ಹಿಡಿದರು. ಅದು ಉದ್ದ. ತಳ ಹಿಡಿಯಿತು, ಹೊಗೆ ಬಂತು. ನಾನು ನಿಂತೇ ಇದ್ದೆ.

ಬಡಿಸಿದಾಗ ಸ್ಕೂಲ್ ಕಮಿಟಿ ಅಧ್ಯಕ್ಷ ತಟ್ಟೆ ತಳ್ಳಿದ. ನನ್ನ ಜಾಗಕ್ಕೆ ತನ್ನ ಸೊಸೆಯನ್ನು ತರಬೇಕು ಅಂತ ಕಾಯುತ್ತಿದ್ದವನು ಅವನು.

"ಥೂ, ಸುಡುಗಾಡು ವಾಸ್ನೆ! ನಾಳಿಂದ ಈಯಮ್ಮನ್ನ ಬುಡ್ಸಿ ಮೇಷ್ಟ್ರೇ."

ಮೇಷ್ಟ್ರು ಕುಂಟಿಕೊಂಡು ಬಂದು, ಸೀದ ತಳವನ್ನೇ ಕೆರೆದು ತಮ್ಮ ತಟ್ಟೆಗೆ ಹಾಕಿಕೊಂಡರು.

"ಅವ್ವ ಸೀದಾ ನಿಂತಿದ್ದಕ್ಕೆ ಇದು ಸೀದದೆ. ಸರಿ, ನಿಂತೋಳ್ನ ಬುಡ್ಸಾನ. ಕುರ್ಚಿ ಮ್ಯಾಲೆ ಕೂತು ಫೋನಲ್ಲಿ ಮಾತಾಡ್ತಿದ್ದೋರ್ನ ಏನ್ ಮಾಡಾನ? ನೀವೇ ಏಳಿ ಅಧ್ಯಕ್ಷರೇ."

ಐಕಳು ಕಿಸಕ್ಕಂದವು. ಅಧ್ಯಕ್ಷ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಆಮೇಲೆ ನಾನು ಪಾತ್ರೆ ಉಜ್ಜುವಾಗ ಮೇಷ್ಟ್ರು ಬಂದು ಮೆಲ್ಲಗೆ ಅಂದರು:

"ಮುಂದಿನ್ಸಲ ಗ್ಯಾಸ್ ಆರಿಸಿ ನಿಂತ್ಕೊ ತಾಯಿ. ನನ್ ಹಲ್ಲು ಗಟ್ಟಿ ಇಲ್ಲ."

ರಿಟೈರಾಗಿ ಕೆ.ಆರ್. ನಗರದ ಕಡೆ ತಮ್ಮೂರಿಗೆ ಹೋದರು. ತೀರಿಕೊಂಡರು ಅಂತ ಗೊತ್ತಾಗಿ ಹುಣಸೂರಿಗೆ ಬಂದು ಬಸ್ಸು ಹತ್ತಿದೆ. ಜಗಲಿ ಮೇಲೆ ಮಲಗಿಸಿದ್ದರು. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ದಾರ ಕಟ್ಟಬೇಕಲ್ಲ, ಬಲಗಾಲು ಎಟುಕದೆ ಎಡಮಂಡಿಯನ್ನು ಒಂಚೂರು ಮಡಚಿದ್ದರು. ಬದುಕಿದ್ದಷ್ಟು ದಿನ ಮೋಟುಕಾಲೇ ಎಟುಕಿಸಿಕೊಳ್ಳುತ್ತಿತ್ತು.

ನನಗೆ ಅಳು ಬರಲಿಲ್ಲ. ಕಾಲು ಜೋಡಿಸಿ, ಕೈ ಇಳಿಬಿಟ್ಟು ನಿಂತೆ. ರಾಷ್ಟ್ರಗೀತೆಯನ್ನು ಮನಸ್ಸಲ್ಲೇ ಹೇಳಿಕೊಂಡೆ.

"ಹೂವ ಹಾಕಿ ಅತ್ಲಾಗ್ ಸರಿಯವ್ವ, ಹಿಂದೆ ಜನ ಅವ್ರೆ" ಅಂದ ಯಾರೋ.

ಅಲ್ಲಾಡಲಿಲ್ಲ. ಪೂರ್ತಿ ಮುಗಿಸಿ ಹೂವ ಹಾಕಿದೆ. ಬೆಳಗ್ಗೆ ಐಕಳಿಗೆ ಅಡಿಗೆ ಆಗಬೇಕಿತ್ತು, ಸಂಜೆ ಬಸ್ಸಿಗೇ ವಾಪಸು ಬಂದೆ.