ನಗಿಸಿ ತಂದ ಸೊನ್ನೆಗಳು

ಏಳೇ ಪ್ರಶ್ನೆಗಳು. ಎರಡು ವಾರದಲ್ಲಿ ಎಷ್ಟು ದಿನ ಚಿಂತೆ ಕಾಡಿತು, ನಿದ್ದೆ ಕೆಟ್ಟಿತು, ಅಂಜಿಕೆಯಾಯಿತು, ಇಂಥವು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಈ ಫಾರ್ಮಿನ ಕನ್ನಡ ರೂಪ ವಯಸ್ಕರ ಆತಂಕವನ್ನು ಸರಿಯಾಗಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದವರು ನಾರಾಯಣಗೂಡದ ಒಬ್ಬ ಮನೋವೈದ್ಯೆ. ಹೈದರಾಬಾದಿನ ಕನ್ನಡ ಮನೆಗಳಿಗೆ ಹೋಗಿ ಉತ್ತರ ಬರೆದು ತರುವವನು ನಾನು. ಆಮೇಲೆ ಡಾಕ್ಟರು ನನ್ನ ಅಂಕ ನೋಡದೆ ಅದೇ ಜನರನ್ನು ಮಾತಾಡಿಸುತ್ತಿದ್ದರು. ಎರಡೂ ಹೊಂದಿದರೆ ಫಾರ್ಮ್ ಪಾಸು.

ನನಗೋ ಮಿಮಿಕ್ರಿಯ ಚಟ. ಮೆಹದಿಪಟ್ಟಣಂ ಬಸ್ಸಿನ ಕಂಡಕ್ಟರನ ದನಿಯಲ್ಲಿ ಮೊದಲ ಪ್ರಶ್ನೆ, ಟಿವಿ ಜ್ಯೋತಿಷಿಯ ದನಿಯಲ್ಲಿ ಎರಡನೆಯದು. ಜನ ಹೊಟ್ಟೆ ಹಿಡಿದು ನಕ್ಕು, ಚಿಂತೆ ಎಲ್ಲಿಯದು, ಎಲ್ಲಾ ಆರಾಮ ಎನ್ನುತ್ತಿದ್ದರು. ನಾನು ಸೊನ್ನೆ ಹಾಕಿ, ಅವಲಕ್ಕಿ ತಿಂದು, ಬೀಗುತ್ತಾ ಬರುತ್ತಿದ್ದೆ. ನನ್ನ ಹಾಳೆಗಳಲ್ಲಿ ಎಲ್ಲರೂ ಪರಮಸುಖಿಗಳು. ಡಾಕ್ಟರ ಹಾಳೆಗಳಲ್ಲಿ ಅವರಲ್ಲೇ ಹಲವರಿಗೆ ನಿದ್ದೆಯಿಲ್ಲ.

ನಮ್ಮ ಡಾಕ್ಟರು ಧಾರವಾಡದ ಕಡೆಯವರು, ಬೈಯುವಾಗಲೂ 'ರಿ' ಬಿಡುವವರಲ್ಲ. "ಹಿಂಗಾದ್ರ ಫಾರ್ಮ್ ಕಸದ ಬುಟ್ಟಿಗೆ ಹೋಗ್ತೈತ್ರಿ. ನೀವು ಆತಂಕ ಅಳತಿ ಮಾಡಾಕ ಹೋಗಿದ್ರೋ, ಕಳ್ಯಾಕ ಹೋಗಿದ್ರೋ?"

ಹಳೆಯ ಹಾಳೆಗಳು ರದ್ದಾದವು. ಹೊಸ ಮನೆ, ಹೊಸ ಜನ, ನನ್ನದೇ ಸ್ವಂತ ದನಿ ಎಂದು ಆಜ್ಞೆಯಾಯಿತು. ಸ್ವಂತ ದನಿಯ ಪರಿಚಯವೇ ನನಗಿರಲಿಲ್ಲ. ಕೇಳಿದರೆ ನೆಗಡಿಯಾದ ಮೇಕೆ.

ಮೊದಲ ಮನೆ ಬೀದರ್ ಕಡೆಯ ನಿವೃತ್ತ ಗುಮಾಸ್ತರದು. ಪ್ರಶ್ನೆಗೆ ಮೊದಲೇ ಆರಾಮ ಎಂದರು. ನಮ್ಮವರು ಕಾಲು ಮುರಿದುಕೊಂಡು ಮಲಗಿದ್ದರೂ ಮನೆಗೆ ಬಂದವರಿಗೆ ಹೇಳುವುದು ಅದನ್ನೇ. ನಾನು ಮೇಕೆಯ ದನಿಯಲ್ಲೇ ಪ್ರಶ್ನೆಗಳನ್ನು ಓದಿದೆ. ನಾಲಿಗೆ ತುರಿಸುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ ಚಹಾಕ್ಕೆಂದು ಒಳಗೆ ಹೋದದ್ದೇ ಅವರು ಕುರ್ಚಿ ಎಳೆದುಕೊಂಡರು.

"ತಮ್ಮಾ, ಲಗೂನ ಬರ್ಕೋ. ನಿದ್ದಿಗೆ ಮೂರು. ಅಂಜಿಕಿಗೂ ಮೂರು. ಅಕಿಗೆ ಹೇಳಬ್ಯಾಡ, ಗಾಬರಿ ಆಗ್ತಾಳ."

ಏಳನ್ನೂ ಮತ್ತೆ ಕೇಳಿ ಬರೆದುಕೊಂಡೆ. ಚಹಾ ಕುಡಿದು ಅವರು ಬಾಳೆಹಣ್ಣು ತರಲು ಹೊರಗೆ ಹೋದರು. ಆಕೆ ಬಾಗಿಲತ್ತ ನೋಡಿ ಎದುರಿಗೆ ಬಂದು ಕೂತರು.

"ನಂದೂ ಒಂದು ಬರೀರಿ. ಅವರಿಗೆ ಗೊತ್ತಾಗೂದು ಬ್ಯಾಡ, ಸುಮ್ನ ಚಿಂತಿ ಮಾಡ್ತಾರ."

ನಗು ಬಾರದಿರಲೆಂದು ಪೆನ್ನು ಕಚ್ಚಿಕೊಂಡು ಅದನ್ನೂ ಬರೆದೆ.

ಮರುವಾರ ಇಬ್ಬರೂ ಒಂದೇ ಆಟೋದಲ್ಲಿ ಡಾಕ್ಟರ ಹತ್ತಿರ ಬಂದರು. ತಾನು ಬರೀ ಜೊತೆಗೆ ಬಂದವನೆಂದು ಅವರು, ತಾನು ಬರೀ ಜೊತೆಗೆ ಬಂದವಳೆಂದು ಇವರು. ಡಾಕ್ಟರು ಬೇರೆ ಬೇರೆಯಾಗಿ ಮಾತಾಡಿಸಿ, ಕೊನೆಗೆ ನನ್ನ ಹಾಳೆಗಳನ್ನು ತೆರೆದರು. ಇಬ್ಬರ ಅಂಕಗಳೂ ಡಾಕ್ಟರು ಕಂಡದ್ದಕ್ಕೆ ಹೊಂದಿದ್ದವು. ಅವರು ಇನ್ನೊಂದು ಕಟ್ಟು ಖಾಲಿ ಫಾರ್ಮು ನನ್ನ ಕೈಗಿಟ್ಟರು.